"ಮನೆ" ಪದದ ಮೊದಲ ಸದ್ದು ಯಾವುದು? ಮಗಳು "ಮ" ಅಂದರೆ ತಪ್ಪಂತೆ!

ಬನಶಂಕರಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದೂವರೆ ವರ್ಷ, ಯುಕೆಜಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಹೋದ ಶನಿವಾರ ಪೇರೆಂಟ್ಸ್ ಮೀಟಿಂಗ್ ಇತ್ತು. "ಮಗುವಿಗೆ ಫೊನೀಮಿಕ್ ಅವೇರ್‌ನೆಸ್ ಸಾಲದು, ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ" ಅಂದರು ಟೀಚರ್. ಪದದೊಳಗಿನ ಬಿಡಿ ಬಿಡಿ ಸದ್ದು ಗುರುತಿಸುವುದಂತೆ ಅದು. ಒಂದು ಹಾಳೆಯನ್ನೂ ಕೊಟ್ಟರು. ಪದ ಹೇಳಬೇಕು, ಮೊದಲ ಸದ್ದು ಯಾವುದು ಅಂತ ಮಗುವನ್ನು ಕೇಳಬೇಕು, ಅಷ್ಟೇ.

ಭಾನುವಾರ ದೋಸೆ ಹುಯ್ಯುತ್ತಾ ಕನ್ನಡದಲ್ಲೇ ಕೇಳಿದೆ. "ಮನೆ, ಮೊದಲ ಸದ್ದು ಯಾವುದು ಹೇಳು?" "ಮ" ಅಂದಳು. "ಸೂಜಿ?" "ಸೂ". ಎಲ್ಲಾ ಸರಿ ಹೇಳಿದಳು ಅಂತ ನನಗೆ ಖುಷಿಯೋ ಖುಷಿ. ಸೋಮವಾರ ಟೀಚರ್‌ಗೆ ಹೇಳಿದರೆ, "ಮ ಅಲ್ಲ ಮೇಡಂ, ಮ್ ಅನ್ನಬೇಕು. ಅದೇ ಪ್ರಾಬ್ಲಂ" ಅಂದರು. ಅಲ್ಲ, "ಮನೆ"ಯಲ್ಲಿ ಇರುವುದು ಮ ತಾನೇ? ಇದು ತಪ್ಪು ಹೇಗಾಯಿತು?

ಇನ್ನೊಂದು ಗೊಂದಲ. ಚಪ್ಪಾಳೆ ಹೊಡೆದು ಪದ ಬಿಡಿಸು ಅಂದರೆ "ಪುಸ್-ತ-ಕ" ಅಂತ ಹೊಡೆಯುತ್ತಾಳೆ. ನಾನು "ಪು-ಸ್ತ-ಕ" ಅಂತ ತಿದ್ದಿದೆ. ಈಗ ನನಗೇ ಅನುಮಾನ ಬಂದಿದೆ.

ನನ್ನ ಗಂಡ ಅಂತೂ "ಅವಳು ಬೆಳಗ್ಗೆಯಿಂದ ರಾತ್ರಿ ತನಕ ಬಾಯಿ ಮುಚ್ಚಲ್ಲ, ಇನ್ಯಾವ ಅವೇರ್‌ನೆಸ್ ಬೇಕಂತೆ" ಅಂತ ನಗುತ್ತಾರೆ. ಇದಕ್ಕೂ ಒಂದು ಟ್ಯೂಷನ್ ಅಂತ ಶುರು ಮಾಡಲು ಇಷ್ಟವಿಲ್ಲ. ಗೊತ್ತಿರುವವರು ಹೇಳಿ.

ನಿವೃತ್ತ ಮೇಷ್ಟ್ರು:
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ನಿಮ್ಮ ಮಗಳು ಹೇಳಿದ್ದೇ ಸರಿ. 49 ಅಕ್ಷರ, ಕಾಗುಣಿತ, ಒತ್ತಕ್ಷರ. ಈ ಮೂರು ಬಾಯಿಗೆ ಬಂದರೆ ಓದು ತಾನಾಗಿ ಬರುತ್ತದೆ. ನಮಗೆ ಮರಳಿನ ಮೇಲೆ ಬರೆಸಿ ಕಲಿಸಿದರು. ಸದ್ದು ಬಿಡಿಸು ಅಂತ ಯಾರೂ ಕೇಳಲಿಲ್ಲ. ಇದೆಲ್ಲ ಇಂಗ್ಲಿಷ್ ಶಾಲೆಗಳ ಹೊಸ ಫ್ಯಾಷನ್ನು.

ಚುರುಮುರಿ:
ಮೇಷ್ಟ್ರೇ, ನಿಮಗೆ ಬಂತು, ನನಗೆ ಬರಲಿಲ್ಲ. ಐದನೇ ಕ್ಲಾಸಿನವರೆಗೂ ಒತ್ತಕ್ಷರ ಕಂಡರೆ ಜ್ವರ ಬರುತ್ತಿತ್ತು. ಕಾಗುಣಿತ ಪೂರ್ತಿ ಬಾಯಿಪಾಠ, ಆದರೆ ಬಸ್ಸಿನ ಬೋರ್ಡ್ ಓದಲು ಆಗುತ್ತಿರಲಿಲ್ಲ. "ಎಲ್ಲರಿಗೂ ತಾನಾಗಿ ಬರುತ್ತೆ" ಅನ್ನುವವರು ಮೊದಲ ಬೆಂಚಿನವರು. ಹಿಂದಿನ ಬೆಂಚಿನ ಕಥೆ ನಮ್ಮನ್ನು ಕೇಳಿ.

ಕಿವಿಮಾತು:
ನಾನು ಸ್ಪೀಚ್ ಥೆರಪಿಸ್ಟ್, ಜಯನಗರದ ಕಡೆ ಕೆಲಸ. ಉದ್ದ ಆಗುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಬನಶಂಕರಿ ಅಮ್ಮ, ನಿಮ್ಮ ಮಗಳದ್ದೂ ಸರಿ, ಟೀಚರ್ ಕೇಳಿದ್ದೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಅಳತೆಯ ತುಂಡು ಕೇಳುತ್ತಿದ್ದಾರೆ. ಮಾತನ್ನು ವಾಕ್ಯದಿಂದ ಪದಕ್ಕೆ ಒಡೆಯಬಹುದು. ಪದವನ್ನು ಮ, ನೆ ಅಂತ ಒಡೆಯಬಹುದು. "ಮ"ವನ್ನೂ ಒಡೆದರೆ ಮ್ ಮತ್ತು ಅ ಸಿಗುತ್ತವೆ. ಈ ಕೊನೆಯ ತುಂಡು ಎಲ್ಲ ಭಾಷೆಯ ಮಕ್ಕಳಿಗೂ ಕಷ್ಟ, ಏಕೆಂದರೆ ಬಾಯಲ್ಲಿ ಅದು ಒಂಟಿಯಾಗಿ ಬರುವುದೇ ಇಲ್ಲ. ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಮ್ಮ ಓದಿನಲ್ಲಿ ತಪ್ಪದೆ ಬರುತ್ತದೆ. ಮಕ್ಕಳ ಕೈಗೆ ಒಂದು ಕಡ್ಡಿ ಕೊಟ್ಟು, ಪದದಲ್ಲಿ ಎಷ್ಟು ತುಂಡಿದೆಯೋ ಅಷ್ಟು ಸಲ ಮೇಜಿನ ಮೇಲೆ ಕುಟ್ಟಲು ಹೇಳಿದರು. ನಾಲ್ಕು ವರ್ಷದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು "ಮ-ನೆ" ರೀತಿಯ ತುಂಡು ಎಣಿಸಿದರು. "ಮ್-ಅ" ರೀತಿಯದನ್ನು ಒಬ್ಬರೂ ಎಣಿಸಲಿಲ್ಲ. ಒಂದನೇ ಕ್ಲಾಸ್ ಮುಗಿಯುವ ಹೊತ್ತಿಗೆ 70 ಪರ್ಸೆಂಟ್ ಮಕ್ಕಳು ಅದನ್ನೂ ಎಣಿಸಿದರು. ಅಂದರೆ ಓದು ಕಲಿಯುತ್ತಲೇ ಇದು ಬೆಳೆಯುತ್ತದೆ. ಪೋರ್ಚುಗಲ್‌ನಲ್ಲಿ 1979ರಲ್ಲಿ ಓದು ಬಾರದ ದೊಡ್ಡವರನ್ನೇ ಪರೀಕ್ಷಿಸಿದರು. ಪದದ ಮೊದಲ ಸದ್ದನ್ನು ತೆಗೆದು ಉಳಿದದ್ದು ಹೇಳಿ ಅಂದರೆ ಬಹಳ ಜನರಿಗೆ ಆಗಲಿಲ್ಲ. ಅವರಿಗೆ ಮಾತು ಬರುತ್ತಿರಲಿಲ್ಲವೇ? ಚೆನ್ನಾಗಿಯೇ ಬರುತ್ತಿತ್ತು!

ಕನ್ನಡದ ಮಕ್ಕಳಿಗೆ ಇನ್ನೊಂದು ವಿಷಯ ಸೇರುತ್ತದೆ. ಇಂಗ್ಲಿಷ್‌ನಲ್ಲಿ 26 ಅಕ್ಷರ, ಸದ್ದು ಸುಮಾರು 44. ಅಲ್ಲಿ ಒಂದೊಂದು ಸದ್ದನ್ನು ಹಿಡಿಯದೆ ಮುಂದೆ ಹೋಗುವುದು ಕಷ್ಟ. ನಮ್ಮಲ್ಲಿ "ಮ" ಅನ್ನುವುದೇ ಒಂದು ಅಕ್ಷರ. ಹಾಗಾಗಿ ನಮ್ಮ ಮಕ್ಕಳ ಕಿವಿ ಮೊದಲು ಅಕ್ಷರದ ಗಾತ್ರದ ತುಂಡಿಗೆ ಪಳಗುತ್ತದೆ. ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. "ಮ್" ಮಟ್ಟದ ಅರಿವು ಇಲ್ಲಿ ನಿಧಾನವಾಗಿ ಬರುತ್ತದೆ, ಅಕ್ಷರಗಳೆಲ್ಲ ಕೈವಶವಾಗಲೂ ಕೆಲವು ವರ್ಷ ಬೇಕು. ಸುಮ್ನೆ ಲೆಕ್ಕ ಹಾಕಿ: 34 ವ್ಯಂಜನ, ಒಂದೊಂದಕ್ಕೆ ಕಾಗುಣಿತದ 15 ರೂಪ, ಅಲ್ಲಿಗೇ 510 ಆಯಿತು. ಒತ್ತಕ್ಷರ ಇನ್ನೂ ಮುಟ್ಟಿಲ್ಲ.

"ಪುಸ್-ತ-ಕ"ದ ವಿಷಯದಲ್ಲಿ ದಯವಿಟ್ಟು ಅವಳನ್ನು ತಿದ್ದಬೇಡಿ. ಅವಳು ಕಿವಿಗೆ ಕೇಳಿದ್ದನ್ನು ಬಿಡಿಸುತ್ತಿದ್ದಾಳೆ, ನೀವು ಕಣ್ಣಿಗೆ ಕಂಡದ್ದನ್ನು. ಬರೆಯುವಾಗ ಸ್‌ಗೆ ತ ಒತ್ತು, ನುಡಿಯುವಾಗ ಸ್ ಹಿಂದಿನ ಪು ಜೊತೆ ಅಂಟಿಕೊಳ್ಳುತ್ತದೆ. "ಅಕ್ಕ" ಅಂತ ನಿಧಾನವಾಗಿ ಹೇಳಿ ನೋಡಿ. ಅಕ್... ಕ. ಅಲ್ವಾ?

ಬನಶಂಕರಿ ಅಮ್ಮ:
ಅಯ್ಯೋ, ಹೌದಲ್ಲ! ಅಡುಗೆಮನೆಯಲ್ಲಿ ನಿಂತು ಹತ್ತು ಸಲ "ಅಕ್ಕ ಅಕ್ಕ" ಅಂದೆ. ಪಕ್ಕದ ಮನೆಯವರು ಕರೆದಿರಾ ಅಂತ ಬಾಗಿಲಿಗೆ ಬಂದರು.

ನಲಿಕಲಿ ಟೀಚರ್:
ನಾನು ಸರ್ಕಾರಿ ಶಾಲೆ ಟೀಚರ್, ಬೆಂಗಳೂರು ದಕ್ಷಿಣದಲ್ಲಿ. ಮೇಷ್ಟ್ರಿಗೆ ಒಂದು ಮಾತು. ನಮ್ಮ ಸರ್ಕಾರಿ ಶಾಲೆಗಳೂ ಅ ಆ ಇ ಈ ಕ್ರಮ ಬಿಟ್ಟು ಬಹಳ ವರ್ಷವಾಯಿತು ಸರ್. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಅಂತ ಆಡುತ್ತಾ ಕಲಿಯುವ ಪದ್ಧತಿ ಶುರುವಾಯಿತಲ್ಲ, ಅದರಲ್ಲಿ ಮೊದಲ ಅಕ್ಷರಗಳು ರ ಗ ಸ ದ ಅ. ಈ ಐದರಲ್ಲೇ ಸರ, ದರ, ಅರಸ, ಗರಗಸ ಎಲ್ಲ ಓದಿಬಿಡಬಹುದು. ಮೊದಲ ತಿಂಗಳೇ ಮಗು "ಗರಗಸ" ಓದಿದಾಗ ಅದರ ಮುಖ ನೋಡಬೇಕು ನೀವು.

ಆದರೆ ಅಕ್ಷರದ ಕಾರ್ಡ್ ಹಿಡಿಯುವ ಮೊದಲು ನಾನು ಎರಡು ವಾರ ಬರೀ ಕಿವಿ ಆಟ ಆಡಿಸುತ್ತೇನೆ. ಕಣ್ಣು ಮುಚ್ಚಿಸಿ ಹೊರಗಿನ ಸದ್ದು ಹೇಳಿಸುತ್ತೇನೆ. ಆಟೋ, ಕಾಗೆ, ಸೊಪ್ಪಿನವರ ಕೂಗು, ಪಕ್ಕದ ಬಿಲ್ಡಿಂಗಿನ ಡ್ರಿಲ್ಲಿಂಗ್ ಮಷೀನು (ಬೆಂಗಳೂರಲ್ವಾ, ಅದಿಲ್ಲದ ದಿನವೇ ಇಲ್ಲ). ಆಮೇಲೆ ಹೆಸರಿನ ಚಪ್ಪಾಳೆ. ಎಲ್ಲರ ಹೆಸರಿಗೂ ಚಪ್ಪಾಳೆ, ಯಾರ ಹೆಸರು ಉದ್ದ, ಯಾರದು ಗಿಡ್ಡ ಅಂತ ಜಗಳ. ಗಿಡ್ಡ ಹೆಸರಿನವರು ಮನೆಗೆ ಹೋಗಿ ಅಪ್ಪನ ಹೆಸರನ್ನೂ ಸೇರಿಸಿಕೊಂಡು ಬರುತ್ತಾರೆ.

ಜೋಡಿ ಪದದ ಆಟ ನನಗೆ ತುಂಬಾ ಇಷ್ಟ. ಬಲೆ-ಬಳೆ, ಮನೆ-ಮಣೆ, ಎಲೆ-ಎಳೆ, ಮರ-ಮಾರ. ಎರಡೂ ಒಂದೇನಾ, ಬೇರೆನಾ? ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೇಳುತ್ತೇನೆ, ತುಟಿ ನೋಡಿ ಕಂಡುಹಿಡಿಯಬಾರದು ಅಂತ.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಯಲ್ಲಿ "ಆಲು", "ಅಣ್ಣು" ಅನ್ನುತ್ತಾರೆ. ಹಾಲು, ಹಣ್ಣು ಅಂತ ನಾವು ಬರೆಸುತ್ತೇವೆ. ಶಂಕರ ಹೋಗಿ ಸಂಕರ ಆಗಿರುತ್ತಾನೆ. ಇದು ಕಿವಿಯ ದೋಷ ಅಲ್ಲ, ಮನೆಯ ಮಾತು. ಮುಂಚೆ ನಾನೂ "ಹ ಅನ್ನು, ಹ ಅನ್ನು" ಅಂತ ಎಲ್ಲರ ಮುಂದೆ ನಿಲ್ಲಿಸುತ್ತಿದ್ದೆ. ಒಂದು ಹುಡುಗಿ ಆಮೇಲೆ ಒಂದು ತಿಂಗಳು ಬಾಯೇ ಬಿಡಲಿಲ್ಲ. ಈಗ "ನಿಮ್ಮಜ್ಜಿ ಆಲು ಅಂತಾರೆ, ಪುಸ್ತಕ ಹಾಲು ಅನ್ನುತ್ತೆ, ಎರಡೂ ಬಿಳೀದೇ" ಅಂತೀನಿ. ಎರಡೂ ಬೇರೆ ಅಂತ ಕೇಳಿಸಿದರೆ ನನ್ನ ಕೆಲಸ ಆಯಿತು.

ಚುರುಮುರಿ:
"ಎರಡೂ ಬಿಳೀದೇ" ಸೂಪರ್ ಟೀಚರ್. ನಮ್ಮ ಕಾಲದಲ್ಲಿ ನೀವು ಇರಬೇಕಿತ್ತು.

ಅಂದಹಾಗೆ ಯಾರಿಗಾದರೂ ಕ ಭಾಷೆ ನೆನಪಿದೆಯಾ? ಪ್ರತಿ ಅಕ್ಷರದ ಹಿಂದೆ ಕ ಸೇರಿಸಿ ಮಾತಾಡೋದು. "ಕನಾ ಕಳೆ ಕಬಾ" ಅಂದರೆ ನಾಳೆ ಬಾ. ಒತ್ತಕ್ಷರ ಓದಲು ಬಾರದ ನಾನು ಕ ಭಾಷೆಯಲ್ಲಿ ಮಾತ್ರ ಬುಲೆಟ್ ರೈಲು. ಅಮ್ಮನಿಗೆ ಅರ್ಥ ಆಗದಂತೆ ಎಷ್ಟು ಪ್ಲಾನ್ ಮಾಡಿದ್ದೇವೆ! ಅದೂ ಸದ್ದು ಬಿಡಿಸೋದೇ ಅಲ್ವಾ?

ಕಿವಿಮಾತು:
ಅದೇ! ನಿಮ್ಮ ಕಿವಿ ಸರಿಯಾಗಿಯೇ ಇತ್ತು. ಅದನ್ನು ಪುಸ್ತಕದ ಅಕ್ಷರಕ್ಕೆ ಯಾರೂ ಜೋಡಿಸಲಿಲ್ಲ.

ಕೆಂಗೇರಿ ಅಪ್ಪ:
ನಮ್ಮದು ಕಿಚಡಿ ಮನೆ. ನಾನು ತೆಲುಗು, ಹೆಂಡತಿ ಕನ್ನಡ, ಅಪಾರ್ಟ್‌ಮೆಂಟಿನ ಮಕ್ಕಳ ಜೊತೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಗನಿಗೆ ಐದು. ಬೇರೆ ಬೇರೆ ಭಾಷೆಯಿಂದ ಕಿವಿ ಗಲಿಬಿಲಿ ಆಗುತ್ತದೆ, ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ ಅಂತ ಒಬ್ಬರು ಬುದ್ಧಿ ಹೇಳಿದರು. ನಿಜವಾ?

ಕಿವಿಮಾತು:
ದಯವಿಟ್ಟು ಬೇಡ ಸರ್. ನಿಮಗೆ ಯಾವ ಭಾಷೆ ಸರಾಗವೋ ಅದರಲ್ಲೇ ಮಾತಾಡಿ, ಆಡಿ. ಒಂದು ಭಾಷೆಯಲ್ಲಿ ಪದ ಒಡೆಯಲು ಕಲಿತ ಕಿವಿ ಇನ್ನೊಂದಕ್ಕೂ ಅದನ್ನೇ ಒಯ್ಯುತ್ತದೆ. ತೆಲುಗು, ಕನ್ನಡ ಎರಡೂ ಅಕ್ಷರದ ಲೆಕ್ಕದ ಭಾಷೆಗಳು, ನಿಮ್ಮ ಮಗನಿಗೆ ಡಬಲ್ ಅಭ್ಯಾಸ.

ಒಂದು ಕಡೆ ಮಾತ್ರ ಗಮನ ಇರಲಿ. ನಮ್ಮ ಮನೆಮಾತಿನಲ್ಲಿ ಪದ ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತದೆ. ಇಂಗ್ಲಿಷ್ ಪದಕ್ಕೂ ಬಾಲ ಕಟ್ಟುತ್ತೇವೆ: ಬಸ್ಸು, ಕಾರು, ಬುಕ್ಕು. ಹಾಗಾಗಿ ಮಗು "ಬಸ್"ಗೆ ಎರಡು ಚಪ್ಪಾಳೆ ಹೊಡೆದರೆ ಅದು ಮನೆಯ ಪದಕ್ಕೆ ಹೊಡೆದದ್ದು. ಟೀಚರ್ ತಪ್ಪು ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ. "ಟೀಚರ್ ಹೇಗೆ ಹೇಳ್ತಾರೆ, ಅಮ್ಮ ಹೇಗೆ ಹೇಳ್ತಾಳೆ" ಅಂತ ಎರಡನ್ನೂ ಕೇಳಿಸಿ.

ಕೆಂಗೇರಿ ಅಪ್ಪ:
ಥ್ಯಾಂಕ್ಸ್ ಮೇಡಂ, ದೊಡ್ಡ ಭಾರ ಇಳಿಯಿತು. ನಮ್ಮದೊಂದು ಮೆಟ್ರೋ ಆಟ ಹೇಳುತ್ತೇನೆ. "ಮುಂದಿನ ನಿಲ್ದಾಣ" ಅಂತ ಬರುತ್ತದಲ್ಲ, ಹೆಸರು ಕೇಳಿದ ಕೂಡಲೇ ಅದರಿಂದ ಒಂದು ತುಂಡು ಕದಿಯಬೇಕು. ರಾಜಾಜಿನಗರದಲ್ಲಿ ನಗರ ಕದ್ದರೆ? ರಾಜಾಜಿ. ಚಿಕ್ಕಪೇಟೆಯಲ್ಲಿ ಪೇಟೆ ಕದ್ದರೆ? ಚಿಕ್ಕ. ಜಯನಗರದಲ್ಲಿ ಜಯ ಕದ್ದರೆ ನಗರ ಮಾತ್ರ ಉಳಿಯುತ್ತೆ ಅಂತ ಅವನಿಗೆ ಎಲ್ಲಿಲ್ಲದ ನಗು. ಮೊನ್ನೆ ಯಲಚೇನಹಳ್ಳಿಗೆ ಬಂದಾಗ "ಯ ಕದ್ದೆ, ಲಚೇನಹಳ್ಳಿ!" ಅಂತ ಕೂಗಿದ. ಇಡೀ ಬೋಗಿ ತಿರುಗಿ ನೋಡಿತು.

ನಲಿಕಲಿ ಟೀಚರ್:
ಕದಿಯೋ ಆಟ ನಾಳೆಯೇ ನನ್ನ ಕ್ಲಾಸಿಗೆ! ಇದನ್ನೂ ಕದ್ದೆ.

ಒಗ್ಗರಣೆ:
ನಮ್ಮ ಅನುಭವ ಸ್ವಲ್ಪ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ. ಮಗನಿಗೆ ಯಾವ ಆಟವೂ ಹತ್ತುತ್ತಿರಲಿಲ್ಲ. ಬಲೆ-ಬಳೆ ಎರಡೂ ಅವನಿಗೆ ಒಂದೇ. ಟಿವಿ ಜೋರು ಇಡುತ್ತಿದ್ದ, ಕರೆದರೆ "ಆಂ?" ಅನ್ನುತ್ತಿದ್ದ. ಗಮನ ಕೊಡಲ್ಲ ಅಂತ ಬೈಯುತ್ತಿದ್ದೆವು. ಒಂದು ಕ್ಲಿನಿಕ್‌ನಲ್ಲಿ "ಹುಡುಗರು ಲೇಟು, ಬಿಡಿ" ಅಂದರು. ಆರು ತಿಂಗಳು ಹಾಗೇ ಹೋಯಿತು. ಕೊನೆಗೆ ಇನ್ನೊಂದು ಕಡೆ ಕಿವಿ ಪರೀಕ್ಷೆ ಮಾಡಿಸಿದರೆ, ಪದೇ ಪದೇ ಶೀತವಾಗಿ ಕಿವಿಯ ಪರದೆಯ ಹಿಂದೆ ನೀರು ತುಂಬಿತ್ತು. ಎರಡೂ ಕಿವಿಯಲ್ಲಿ. ಪಾಪ, ಅವನಿಗೆ ನಮ್ಮ ಮಾತೆಲ್ಲ ನೀರಿನೊಳಗೆ ಕೂತು ಕೇಳಿದ ಹಾಗೆ ಕೇಳಿಸುತ್ತಿತ್ತು. ಬೈದದ್ದು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಕಿವಿಮಾತು:
ಇದನ್ನು ಬರೆದದ್ದು ಒಳ್ಳೆಯದಾಯಿತು. ನಾನೇ ಮೊದಲು ಹೇಳಬೇಕಿತ್ತು. ಪದೇ ಪದೇ ಶೀತ, ಕಿವಿನೋವು, ಕರೆದರೆ ತಿರುಗದಿರುವುದು ಇದ್ದರೆ ಆಟಕ್ಕೂ ಮುಂಚೆ ಕಿವಿ ಪರೀಕ್ಷೆ. ಶಬ್ದ ಕೇಳುತ್ತದೆಯಾ ಅಂತಷ್ಟೇ ಅಲ್ಲ, ಪರದೆಯ ಹಿಂದೆ ನೀರಿದೆಯಾ ಅಂತಲೂ ನೋಡಲು ಹೇಳಿ. ಟಿಂಪನೋಮೆಟ್ರಿ ಅಂತಾರೆ, ಕೆಲವು ನಿಮಿಷದ ಕೆಲಸ, ನೋವಿಲ್ಲ.

ಕಿವಿ ಸರಿಯಿದ್ದು, ಒಂದನೇ ಕ್ಲಾಸು ಕಳೆದರೂ ಪ್ರಾಸ ಗೊತ್ತಾಗದಿದ್ದರೆ, ಮನೆಯಲ್ಲಿ ಇನ್ಯಾರಿಗಾದರೂ ಓದಿನ ತೊಂದರೆ ಇದ್ದಿದ್ದರೆ, ಆಗ ತೋರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಅದರ ಸರ್ಟಿಫಿಕೇಟ್ ಎಂಟು ವರ್ಷ ತುಂಬಿದ ಮೇಲೆಯೇ ಕೊಡುವುದು. ಹಾಗಂತ ಸಹಾಯಕ್ಕೂ ಎಂಟು ತುಂಬಲಿ ಅಂತ ಕಾಯಬೇಡಿ. ಐದೂವರೆ ವರ್ಷದ ಮಗು "ಮ್" ಬದಲು "ಮ" ಅಂದಿತು ಅಂತ ಇದ್ಯಾವುದೂ ಬೇಕಿಲ್ಲ, ಬನಶಂಕರಿ ಅಮ್ಮ ನಿದ್ದೆ ಕೆಡಿಸಿಕೊಳ್ಳಬೇಡಿ.

"ಮ್" ಬೇಕೇ ಬೇಕು ಅಂದರೆ ಎಳೆಯಬಹುದಾದ ಸದ್ದಿನಿಂದ ಶುರು ಮಾಡಿ. ಮ್ಮ್ಮ್ಮನೆ. ಸ್ಸ್ಸ್ಸೂಜಿ. ಮ್‌ಗೆ ಹಸು, ಸ್‌ಗೆ ಹಾವು. ಪ, ಟ, ಕ ಎಳೆಯಲು ಬರುವುದಿಲ್ಲ, ಅವು ಆಮೇಲೆ. ಅಕ್ಷರ ತೋರಿಸಬೇಡಿ. ಕಣ್ಣು ಮುಚ್ಚಿಕೊಂಡು ಆಡಲು ಆಗುವುದು ಮಾತ್ರ ಕಿವಿ ಆಟ, ಅಕ್ಷರ ಬಂದರೆ ಅದು ಫೋನಿಕ್ಸ್, ಅಂದರೆ ಸದ್ದನ್ನು ಅಕ್ಷರಕ್ಕೆ ಜೋಡಿಸಿ ಓದು ಕಲಿಸುವುದು. ದಿನಕ್ಕೆ ಐದು ನಿಮಿಷ ಸಾಕು, ಶಾಲೆಗೆ ಕರೆದೊಯ್ಯುವ ದಾರಿಯಲ್ಲಿ.

ನಿವೃತ್ತ ಮೇಷ್ಟ್ರು:
ಮೊನ್ನೆ ಫ್ಯಾಷನ್ನು ಅಂತ ಬರೆದಿದ್ದೆ. ಇವತ್ತು ಬೆಳಗ್ಗೆ ತಿಂಡಿ ಹೊತ್ತಿನಲ್ಲಿ ಒಂದು ಸಂಗತಿ ಆಯಿತು, ಬರೆಯದೆ ಇರಲು ಆಗುತ್ತಿಲ್ಲ.

ನಾಲ್ಕು ವರ್ಷದ ಮೊಮ್ಮಗ ತಟ್ಟೆ ತಳ್ಳಿ "ನಂಗೆ ದೋಸೆ ಗೀಸೆ ಬೇಡ" ಅಂದ. ಸೊಸೆ "ಹಾಗಾದ್ರೆ ಇಡ್ಲಿ?" ಅಂದಳು. "ಇಡ್ಲಿ ಗಿಡ್ಲಿನೂ ಬೇಡ." ನಾನು ಲೋಟ ಕೆಳಗಿಟ್ಟೆ. ದೋಸೆಗೆ ಗೀ, ಇಡ್ಲಿಗೆ ಗಿ. ಇವನಿಗೆ ಇದನ್ನು ಹೇಳಿಕೊಟ್ಟವರು ಯಾರು?

ಕೂತು ಪರೀಕ್ಷೆ ಮಾಡಿದೆ. ನಾನು ಒಂದೊಂದೇ ಪದ ಹೇಳಿದೆ, ಅವನು ಜೊತೆ ಕಟ್ಟಿದ. ಊಟ ಗೀಟ. ಮನೆ ಗಿನೆ. ಕಾಫಿ ಗೀಫಿ. ಹಣ್ಣು ಗಿಣ್ಣು. ಪುಸ್ತಕ ಗಿಸ್ತಕ. ಒಂದೂ ತಪ್ಪಲಿಲ್ಲ. ನೋಡಿ, ಊ, ಆ, ಓ ಯಾವ ಸ್ವರವೇ ಇರಲಿ, ಅದು ಉದ್ದವಿದ್ದರೆ ಗೀ, ಗಿಡ್ಡವಿದ್ದರೆ ಗಿ. ಅಂದರೆ ಮೊದಲ ಅಕ್ಷರವನ್ನು ಕಿತ್ತು ಹಾಕಿ, ಅದರ ಮಾತ್ರೆಯನ್ನು ಮಾತ್ರ ಉಳಿಸಿಕೊಂಡು, ಹೊಸ ಅಕ್ಷರ ಕೂರಿಸುತ್ತಾನೆ. ಪ್ರಶ್ನೆ ಅಂದೆ. "ಗಿಶ್ನೆ" ಅಂದ. ಗ್ರಿಶ್ನೆ ಅನ್ನಲಿಲ್ಲ! ಒತ್ತು ಸಮೇತ ಎತ್ತಬೇಕು ಅಂತಲೂ ಗೊತ್ತು. ನಾನು ಲಘು, ಗುರು ಕಲಿಸಲು ಎಂಟನೇ ಕ್ಲಾಸಿನಲ್ಲಿ ಹದಿನೈದು ದಿನ ಒದ್ದಾಡುತ್ತಿದ್ದೆ.

ಇನ್ನೂ ಒಂದು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಸೂತ್ರ ಹೇಳಿಕೊಡುತ್ತಿದ್ದೆವಲ್ಲ? ಯಾಕೆ ಅಂತ ಯಾವ ಹುಡುಗನಾದರೂ ಕೇಳಿದರೆ "ನಿಯಮ ಹಾಗಿದೆ, ಕೂತ್ಕೋ" ಅನ್ನುತ್ತಿದ್ದೆ. ಬನಶಂಕರಿ ಅಮ್ಮನ ಮಗಳು "ಪುಸ್" ಅಂತ ಒಂದೇ ಚಪ್ಪಾಳೆ ಹೊಡೆದಳಲ್ಲ, ಅದೇ ಕಾರಣ. ಸ್ ಬಂದು ಪುಗೆ ಅಂಟಿ ಅದು ಭಾರವಾಯಿತು. ಆ ಮಗುವನ್ನು ತಿದ್ದಲು ಹೊರಟ ನಮ್ಮ ತಲೆಗೆ ಏನು ಹೇಳೋಣ. ಪ್ರಾಸವೂ ಅಷ್ಟೇ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟರು. ಗೀಟ ಆಟದಲ್ಲೂ ಎರಡನೇ ಅಕ್ಷರದಿಂದಲೇ ಎಲ್ಲ ಉಳಿಯುವುದು.

ನಲಿಕಲಿ ಟೀಚರ್, ಕಿವಿಮಾತು ಅವರೇ, ನಾನು ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಹಾಗೇ ಇರಲಿ.

ಚುರುಮುರಿ:
ಮೇಷ್ಟ್ರೇ, ಹದಿನೈದು ದಿನ ಒದ್ದಾಡಿದ್ದು ನೀವೊಬ್ಬರೇ ಅಲ್ಲ, ನಾವೂ.

ಕಿವಿಮಾತು:
ಸರ್, "ಮಾತ್ರೆಯನ್ನು ಮಾತ್ರ ಉಳಿಸಿಕೊಂಡು" ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಇಂಗ್ಲಿಷ್‌ನ ಕ್ಯಾಟ್-ಬ್ಯಾಟ್-ಹ್ಯಾಟ್ ಚಿತ್ರ ಇಟ್ಟುಕೊಂಡು ಕೂತಿದ್ದೇನೆ. ನಾಳೆಯಿಂದ ಗೀಟ. ಇಲ್ಲಿಂದ ಮುಂದಿನ ಮೆಟ್ಟಿಲೂ ಸುಲಭ: ಗಿ ಬದಲು ಬೇರೆ ಸದ್ದು ಕೂರಿಸಲಿ. ಮನೆ, ಸಿನೆ, ಚಿನೆ. ಅರ್ಥ ಇಲ್ಲದ ಪದ ಆದಷ್ಟೂ ಒಳ್ಳೆಯದು, ನೆನಪಿನಿಂದ ಹೇಳಲು ಆಗುವುದಿಲ್ಲವಲ್ಲ.

ಬನಶಂಕರಿ ಅಮ್ಮ:
ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಮೊದಲು ಕಿವಿ ಪರೀಕ್ಷೆ ಮಾಡಿಸಿದೆವು. ಒಗ್ಗರಣೆ ಅವರ ಕಥೆ ಓದಿದ ಮೇಲೆ ನಿದ್ದೆ ಬರಲಿಲ್ಲ. ಎಲ್ಲಾ ಸರಿಯಿದೆ. ಟೀಚರ್ ಜೊತೆಯೂ ಮಾತಾಡಿದೆ. ಪುಸ್-ತ-ಕ, ಬಸ್ಸು ವಿಷಯ ಹೇಳಿದೆ. ಅವರು ಒಳ್ಳೆಯವರೇ, ಮನೆಯಲ್ಲಿ ಮಲಯಾಳಂ ಅಂತೆ. "ನಮ್ಮ ಕಡೆಯೂ ಹೀಗೇ, ನಾನೇ ಯೋಚಿಸಿರಲಿಲ್ಲ" ಅಂದರು. ಹಾಳೆ ಮಾತ್ರ ಇನ್ನೂ ವಾರಕ್ಕೊಂದು ಬರುತ್ತಿದೆ.

ಹಾವು, ಹಸು ಆಟ ಸ್ಕೂಟರ್ ಮೇಲೆ ಆಡುತ್ತೇವೆ. ಸಿಗ್ನಲ್‌ನಲ್ಲಿ ನಿಂತಾಗ ಅವಳು "ಸ್ಸ್ಸ್ಸಿಗ್ನಲ್" ಅಂದರೆ ಪಕ್ಕದ ಗಾಡಿಯವರು ಚಕ್ರ ಪಂಕ್ಚರ್ ಆಯಿತು ಅಂತ ಬಗ್ಗಿ ನೋಡುತ್ತಾರೆ. "ಮ್" ಒಂದೊಂದು ಸಲ ಬರುತ್ತದೆ, ಒಂದೊಂದು ಸಲ "ಮ"ನೇ. ಪರವಾಗಿಲ್ಲ ಅಂತ ಬಿಟ್ಟಿದ್ದೇನೆ.

ಗೀಟ ಆಟ ಮಾತ್ರ ಮನೆಯಲ್ಲಿ ಹುಚ್ಚು ಹಿಡಿಸಿದೆ. ಶಾಲೆ ಗೀಲೆ, ಬ್ಯಾಗು ಗೀಗು, ಅಪ್ಪ ಗಿಪ್ಪ. ನಿನ್ನೆ ಲಾಲ್‌ಬಾಗ್‌ನಲ್ಲಿ ಮರದ ಮೇಲೆ ಗಿಣಿ ಕಂಡಿತು. "ಅಮ್ಮಾ, ಗಿಣಿಗೆ ಏನು? ಗಿಣಿ ಗಿಣಿನಾ?" ಅಂದಳು. ನಾನು, ಅವರಪ್ಪ, ಪಕ್ಕದ ಬೆಂಚಿನ ಇಬ್ಬರು ಅಜ್ಜಂದಿರು, ಯಾರಿಗೂ ಉತ್ತರ ಬರಲಿಲ್ಲ. ಮೇಷ್ಟ್ರೇ, ನೀವೇ ಗತಿ.

ನಿವೃತ್ತ ಮೇಷ್ಟ್ರು:
ನಿಮ್ಮ ಪ್ರಶ್ನೆ ಓದಿದಾಗಿನಿಂದ ನಮ್ಮ ಮನೆಯಲ್ಲೂ ಇದೇ ಗಲಾಟೆ. ಗಿ ತಾನೇ ಮುಂದೆ ನಿಂತರೆ ಅದರ ಜಾಗಕ್ಕೆ ಇನ್ನ್ಯಾವ ಗಿ ಬರಬೇಕು? ಮೊಮ್ಮಗ "ಗಿಣಿ ಪಿಣಿ" ಅಂತ ತೀರ್ಪು ಕೊಟ್ಟಿದ್ದಾನೆ. ನಾನು ಒಪ್ಪಿಲ್ಲ. ನಮ್ಮ ಮನೆಯವರು "ಗಿಣಿ ಗುಬ್ಬಿ ಅನ್ನಿ, ಊಟಕ್ಕೆ ಬನ್ನಿ" ಅಂತ ಎದ್ದು ಹೋದರು.